ಅಕ್ಕನಿಗೆ ಕೇಳಿಸುವಂತೆ

ಅವರ ಎಡಗೈ ತೋರುಬೆರಳಿನ ತುದಿಯಲ್ಲಿ ಸುಟ್ಟ ಕಲೆಗಳು ಒಂದರ ಮೇಲೊಂದು ಕೂತು ಚರ್ಮ ಗಟ್ಟಿಯಾಗಿತ್ತು. ಒಲೆಯ ಕಲೆಗಳಲ್ಲ, ಬೆಸುಗೆ ಕಡ್ಡಿಯವು. ಬೆಳಗಾವಿಯ ಸದಾಶಿವನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಅವರು. ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಮೇಲೆ ಊಟದ ಮೇಜಿನ ಅರ್ಧವನ್ನು ವೈರು, ಟ್ರಾನ್ಸಿಸ್ಟರುಗಳಿಗೆ ಬಿಟ್ಟುಕೊಟ್ಟಿದ್ದರು. ರೇಡಿಯೋ, ಟೇಪು ಏನೇ ಕೆಟ್ಟರೂ ಅವರ ಮಾತು ಒಂದೇ: "ಎಲ್ಲಾ ಬಿಚ್ಚಬಾರದ್ರಿ. ದನಿ ಎಲ್ಲೀತನಕ ಚಲೋ ಬರ್ತದ, ಅದನ್ನ ಮೊದಲ ನೋಡಬೇಕು."

ಖಾನಾಪುರದಲ್ಲಿದ್ದ ಅವರ ಅಕ್ಕನಿಗೆ ಕಿವಿ ಮಂದವಾಗಿತ್ತು. ಕಿವಿಯೊಳಗೆ ಇಟ್ಟುಕೊಳ್ಳುವ ಯಂತ್ರ ಆಕೆಗೆ ಒಗ್ಗಲಿಲ್ಲ. ಅಕ್ಕ ತಂಗಿ ಮಾತಾಡಿದರೆ ಓಣಿಗೆಲ್ಲ ಕೇಳುತ್ತಿತ್ತು. ಹಾಗಾಗಿ ಮನಸ್ಸಿನ ಮಾತು ಆಡುವುದನ್ನೇ ಬಿಟ್ಟಿದ್ದರು. ಎರಡು ಸಾವಿರದ ಇಸವಿಯ ಸುಮಾರಿಗೆ ಮಾಲಕಿ ತಾವೇ ಒಂದು ಆಂಪ್ಲಿಫೈಯರ್ ಕಟ್ಟಲು ಕೂತರು. ಒಂದು ಕಡೆ ಮೈಕು, ಇನ್ನೊಂದು ಕಡೆ ಹೆಡ್‌ಫೋನು.

ಕಟ್ಟಿದ್ದೇನೋ ಆಯಿತು, ದನಿ ಒಡೆದು ಬಂತು. ಮೈಕ್ ಬದಲಿಸಿದರು. ಟ್ರಾನ್ಸಿಸ್ಟರ್ ತೆಗೆದು ಹೊಸದು ಹಾಕಿದರು. ಒಡಕು ಹೋಗಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕರೆದು, ಜೋಳದ ಕಾಳಿನಷ್ಟು ಸಣ್ಣ ರೆಸಿಸ್ಟರ್ ಒಂದನ್ನು ತೋರಿಸಿದರು. ಅದು ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ ತಿಳಿಯುವುದು ಮೈಮೇಲಿನ ಬಣ್ಣದ ಪಟ್ಟಿಗಳಿಂದ.

"ಈ ಮೂರನೇ ಪಟ್ಟಿ ಯಾವ ಬಣ್ಣ ಐತಿ, ಹೇಳ್ರಿ."

"ಕೇಸರಿ."

"ಖರೇನ? ನನಗ ಕೆಂಪು ಕಾಣಾಕತ್ತೈತಲ್ಲ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೆಂಪು ಪಟ್ಟಿಯದು ಇರಬೇಕಾದ ಜಾಗದಲ್ಲಿ ಅದರ ಹತ್ತು ಪಟ್ಟು ಅಳತೆಯ ಕೇಸರಿಯದನ್ನು ಕೂರಿಸಿದ್ದರು. ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿದರು.

"ಪಾರ್ಟ್ ಎಲ್ಲಾ ಚಲೋನ ಅದಾವ್ರಿ. ಕೆಟ್ಟಿದ್ದು ನನ್ನ ಕಣ್ಣು" ಎಂದರು, ಬೇರೆ ಯಾರದೋ ಸುದ್ದಿ ಹೇಳುವಂತೆ.

ಡಾಕ್ಟರು ಪೊರೆ ಬಂದಿದೆ ಎಂದರು. ಆಪರೇಷನ್ನಿಗೆ ಇವರು ಒಪ್ಪಿದರು, ಆದರೆ ಅಕ್ಕನ ಕೆಲಸ ಮುಗಿದ ಮೇಲೆ. ಬಣ್ಣ ನಂಬುವುದನ್ನು ಬಿಟ್ಟು, ಡಬ್ಬಿಯಲ್ಲಿದ್ದ ಒಂದೊಂದೇ ರೆಸಿಸ್ಟರನ್ನು ಮೀಟರಿಗೆ ಹಚ್ಚಿ ಅಳೆದು ಬೇರ್ಪಡಿಸಿದರು. ಆಮೇಲೆಯೇ ಬೆಸುಗೆ.

ಖಾನಾಪುರಕ್ಕೆ ನಾನೂ ಹೋಗಿದ್ದೆ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಪಡಸಾಲೆಯಲ್ಲಿ ಕೂತರು. ತಂಗಿ ರೂಢಿಯಂತೆ ಮೈಕಿನಲ್ಲೂ ಕೂಗಿದರು: "ಅಕ್ಕಾ, ಕೇಳಿಸ್ತದೇನು?"

"ಯಾಕ ಹಂಗ ಒದರ್ತಿ? ನಾ ಏನ್ ಕಿವುಡಿ ಅದೀನೇನು?"

ಇಬ್ಬರೂ ನಕ್ಕರು. ಬರಬರುತ್ತ ತಂಗಿಯ ದನಿ ತಗ್ಗಿತು. ನಾನು ಎದ್ದು ಅಂಗಳಕ್ಕೆ ಬಂದೆ. ಒಳಗೆ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ.

ಕೆಲ ವರ್ಷಗಳ ನಂತರ ಮಾಲಕಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಅಕ್ಕನಿಗೆ ಸುದ್ದಿ ಮುಟ್ಟಿಸಲು ಹೋದವಳು ನಾನೇ. ಎದುರಿಗೆ ಕೂತು ಮೈಕ್ ಕೈಗೆತ್ತಿಕೊಂಡೆ. ಅಂಥ ಮಾತನ್ನು ಓಣಿಗೆ ಕೇಳುವಂತೆ ಕೂಗಿ ಹೇಳುವ ಪ್ರಸಂಗ ನನಗೆ ಬರಲಿಲ್ಲ. ಅಷ್ಟರಮಟ್ಟಿಗೆ ನಾನು ಮಾಲಕಿಗೆ ಋಣಿ.