ಎಡಗಡೆ ಕಮ್ಮಿ ಕೇಳುವ ಐದು ಹೆಡ್‌ಫೋನ್

ಒಳಕಿವಿಯ ಸಣ್ಣ ರೋಮಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಲ್ಲು ಬಿದ್ದರೆ ಕಟ್ಟಿಸಬಹುದು, ಮಂಡಿ ಸವೆದರೆ ಬದಲಿಸಬಹುದು. ಇದಕ್ಕೆ ಬದಲಿ ಇಲ್ಲ. ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಇದನ್ನು ಎಲ್ಲೋ ಓದಿದ್ದೇವೆ, ಓದಿ ಮರೆತಿದ್ದೇವೆ. ಮರೆಯುವುದು ಸುಲಭ. ಹೋಗುವುದು ನಮ್ಮ ಕಿವಿಯಲ್ಲ, ಡಿಜೆ ಮೇಜಿನ ಹಿಂದೆ ನಿಂತವನ ಕಿವಿ.

ಕುಶಾಲನಗರದ ಹಾರಂಗಿ ರಸ್ತೆಯ ಮಿಲನ್‌ಗೆ ಈಗ ಮೂವತ್ತನಾಲ್ಕು. ಅಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಶುಂಠಿ, ಜೋಳ ಬೆಳೆದವರು. ಮಗ ಹದಿಮೂರು ವರ್ಷದಿಂದ ಮದುವೆ ಮಂಟಪಗಳಲ್ಲಿ ಹಾಡು ಹಾಕುತ್ತಾನೆ. ಕುಶಾಲನಗರದಿಂದ ಶ್ರೀಮಂಗಲದವರೆಗೆ ಅವನ ಹೆಸರು ಓಡಾಡಿದ್ದು ಒಂದೇ ಕಾರಣಕ್ಕೆ: ಸಿನಿಮಾ ಹಾಡಿನಿಂದ ಡೋಲಿನ ಕುಣಿತದ ವಾಲಗಕ್ಕೆ ಅವನು ದಾಟಿಸುವ ರೀತಿ. ಇಲ್ಲಿನ ಮದುವೆಯಲ್ಲಿ ನಾಲ್ಕು ಹಾಡು ಮುಗಿಯುವುದರೊಳಗೆ ಯಾರಾದರೂ ವಾಲಗ ಕೇಳಿಯೇ ಕೇಳುತ್ತಾರೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕೈ ಎತ್ತಿ ಕುಣಿಯುವ ಆ ಪೆಟ್ಟಿನ ನಡೆ ಬೇರೆ, ಸಿನಿಮಾ ಹಾಡಿನ ನಡೆ ಬೇರೆ. ಒಂದು ಹಾಡು ಮಂಟಪದಲ್ಲಿ ಬಡಿಯುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿ, ಎರಡರ ಪೆಟ್ಟೂ ಒಟ್ಟಿಗೆ ಬೀಳುವ ಕ್ಷಣವನ್ನು ಹಿಡಿಯಬೇಕು. ಅದಕ್ಕಾಗಿ ಮಿಲನ್ ಹೆಡ್‌ಫೋನಿನ ಒಂದು ಬಟ್ಟಲನ್ನು ಎಡಗಿವಿಗೆ ಒತ್ತಿ, ಬಲಗಿವಿಯನ್ನು ಮಂಟಪಕ್ಕೆ ಬಿಡುತ್ತಿದ್ದ. ಹೊರಗಿನ ಅಬ್ಬರವನ್ನು ಮೀರಲು ಒಳಗಿನದನ್ನು ಏರಿಸುತ್ತಿದ್ದ. ಜನ ಹೊರಗಿನದನ್ನು ಏರಿಸು ಎನ್ನುತ್ತಿದ್ದರು. ಅವನು ಒಳಗಿನದನ್ನು ಮತ್ತೂ ಏರಿಸುತ್ತಿದ್ದ.

ಈಚೆಗೆ ಶ್ರೀಮಂಗಲದ ಒಂದು ಮದುವೆಯಲ್ಲಿ ವಾಲಗ ಅರ್ಧ ಪೆಟ್ಟು ತಡವಾಗಿ ಬಿತ್ತು. ಕುಣಿಯುತ್ತಿದ್ದವರು ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. "ಎಂತ ಮಾರಾಯ, ನಿನ್ನ ವಾಲಗಕ್ಕೆ ಕಾಲು ಉಳುಕಿತಾ?" ಎಂದು ಯಾರೋ ಕೇಳಿದರು. ಮಂಟಪವೆಲ್ಲ ನಕ್ಕಿತು.

ವಾಪಸ್ ಬರುವಾಗ ವ್ಯಾನಿನಲ್ಲಿ ಸ್ಪೀಕರ್‌ಗಳ ಮಾಲೀಕ ಸಣ್ಣಸ್ವಾಮಿ ಹೇಳಿದ, "ಭಾನುವಾರ ಮೂರ್ನಾಡಿಂದು ದೊಡ್ಡ ಮದ್ವೆ ಕಣೋ. ಅಲ್ಲೂ ಹಿಂಗೇ ಮಾಡಿದ್ರೆ ನಾನು ಬೇರೆಯವ್ನನ್ನ ನೋಡ್ಕತೀನಿ. ಬೇಜಾರ್ ಮಾಡ್ಕಬೇಡ."

"ಹೆಡ್‌ಫೋನ್ ಹೋಗಿದೆ ಸಣ್ಣಸ್ವಾಮಣ್ಣ. ಎಡಗಡೆ ಸರಿಯಾಗಿ ಕೇಳ್ತಿಲ್ಲ. ಹೊಸದು ತಗೋತೀನಿ."

ಗುರುವಾರ ಬೆಳಿಗ್ಗೆ ಅವನು ಕುಶಾಲನಗರದ ತುಳಸಿಯ ಅಂಗಡಿಗೆ ಹೋದ. ಸುಟ್ಟ ಆಂಪ್ಲಿಫೈಯರ್‌ಗಳನ್ನು ಬಿಚ್ಚಿ ಕಟ್ಟುವ ಹೆಂಗಸು ತುಳಸಿ. ಬೆಸುಗೆಯ ಕಲೆಗಳು ಬೆರಳಿನಲ್ಲೇ ಉಳಿದುಬಿಟ್ಟಿವೆ. ಮಿಲನ್ ಕೇಳಿದ್ದು ಒಂದೇ: ಯಾವುದರಲ್ಲಿ ಬೇಸ್ ಜಾಸ್ತಿ, ಯಾವುದು ಜೋರು? ಮೊದಲನೆಯದನ್ನು ಹಾಕಿದ. ಎಡಗಡೆ ಕಮ್ಮಿ. ಎರಡನೆಯದೂ ಹಾಗೇ. ಮೂರನೆಯದರ ವೈರ್ ಅಲ್ಲಾಡಿಸಿ ನೋಡಿದ. ನಾಲ್ಕನೆಯದನ್ನು ಕೌಂಟರಿನ ಮೇಲೆ ಕುಕ್ಕಿದ.

"ಎಲ್ಲಾ ಡೂಪ್ಲಿಕೇಟ್ ತಂದಿಟ್ಟಿದೀರಾ ತುಳಸಕ್ಕ?"

"ಹೌದಪ್ಪ, ನಿಮಗೋಸ್ಕರ ಒಂದೇ ಕಡೆ ಕೆಟ್ಟಿರೋದನ್ನೇ ಆರಿಸಿ ತಂದಿದೀನಿ," ಎಂದಳು ತುಳಸಿ. ನಗುತ್ತಲೇ ಐದನೆಯದನ್ನು ಪೆಟ್ಟಿಗೆಯಿಂದ ತೆಗೆದಳು. ತೆಗೆಯುತ್ತಿದ್ದಂತೆ ಅವಳ ನಗು ನಿಂತಿತು. ತಾನೇ ಅವನ ತಲೆಗೆ ಹಾಕಿದಳು.

"ಈಗ?"

"ಇದ್ರಲ್ಲೂ ಎಡಗಡೆನೇ ಕಮ್ಮಿ."

"ಅಣ್ಣ," ಎಂದಳು ತುಳಸಿ ಮೆಲ್ಲಗೆ, "ಇದನ್ನ ನಾನು ತಿರುಗಿಸಿ ಹಾಕಿದೀನಿ. ಬಲಗಡೆ ಬಟ್ಟಲು ನಿಮ್ಮ ಎಡಗಿವಿ ಮೇಲಿದೆ."

ಅವನಿಗೆ ತಕ್ಷಣ ನೆನಪಾದದ್ದು ಮಗಳು ಚಿನ್ನಿ. ಆರು ವರ್ಷದ ಹುಡುಗಿ ಏನಾದರೂ ಹೇಳಬೇಕಾದರೆ ಕೆಲವು ತಿಂಗಳಿಂದ ಅವನ ಕುರ್ಚಿಯನ್ನು ಸುತ್ತಿ ಬಲಗಡೆಗೇ ಬಂದು ನಿಲ್ಲುತ್ತಿದ್ದಳು. ಆಟ ಎಂದುಕೊಂಡಿದ್ದ. ಅಪ್ಪನ ಯಾವ ಕಿವಿ ಕೇಳುತ್ತದೆ ಎಂಬುದು ಮಗುವಿಗೆ ಗೊತ್ತಾಗಿತ್ತು. ಅಪ್ಪನಿಗೆ ಗೊತ್ತಾಗಲು ಐದು ಹೆಡ್‌ಫೋನ್ ಬೇಕಾದವು.

ಶುಕ್ರವಾರ ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಎಡಗಿವಿ ಹೆಚ್ಚುಕಡಿಮೆ ಮುಗಿದಿದೆ, ಬಲಗಿವಿಯಲ್ಲಿ ಶುರುವಾಗಿದೆ, ಹೋದದ್ದನ್ನು ತರುವ ಔಷಧಿಯಿಲ್ಲ, ಸದ್ದಿನಿಂದ ದೂರ ಇರಿ. ಬಸ್ಸಿನಲ್ಲಿ ಹೆಂಡತಿ ಮಾನಸ ಅವನ ಬಲಗಡೆಗೆ ಕೂತಳು.

"ಬಿಟ್ಬಿಡು."

"ಬಿಟ್ಟು?"

ಅವನ ಅಪ್ಪನ ಕಾಲಕ್ಕೇ ಜಮೀನು ಕೈಬಿಟ್ಟು ಹೋಗಿತ್ತು. ಅವನಿಗೆ ಬರುತ್ತಿದ್ದ ಕೆಲಸ ಒಂದೇ. ಅದನ್ನು ಮಾಡಿಸುತ್ತಿದ್ದ ಅಂಗ ಒಂದೇ. ಆ ಕೆಲಸ ಆ ಅಂಗವನ್ನೇ ತಿನ್ನುತ್ತಿತ್ತು.

ಶನಿವಾರ ಅವನು ಮತ್ತೆ ತುಳಸಿಯ ಮುಂದೆ ನಿಂತಿದ್ದ. "ನಾಳೆ ಮೂರ್ನಾಡು. ಇರೋ ಒಂದು ಕಿವಿ ಉಳಿಯೋ ಹಂಗೆ ಏನಾದ್ರೂ ಕೊಡಿ."

ಅವಳು ಕೊಟ್ಟದ್ದು ಅಂದಚಂದವಿಲ್ಲದ ಕಪ್ಪು ಹೆಡ್‌ಫೋನ್. ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲು, ಕೆನ್ನೆ ನೋಯುವಷ್ಟು ಬಿಗಿ. ಹಾಕಿದ ಕೂಡಲೇ ರಸ್ತೆಯ ಲಾರಿಯ ಸದ್ದು ದೂರ ಹೋಯಿತು.

"ಇದ್ರಲ್ಲಿ ಬೇಸೇ ಇಲ್ವಲ್ಲ."

"ಜೋರಾಗಿ ಕೇಳ್ಸೋದನ್ನ ಹುಡುಕ್ಬಾರ್ದು ಅಣ್ಣ. ಹೊರಗಿಂದನ್ನ ಒಳಗೆ ಬಿಡದೇ ಇರೋದನ್ನ ಹುಡುಕ್ಬೇಕು. ಆಗ ಒಳಗೆ ಸಣ್ಣಗಿಟ್ರೂ ಸಾಕಾಗತ್ತೆ. ಎರಡೂ ಕಿವಿ ಮುಚ್ಕೊಳ್ಳಿ. ಮಂಟಪದ ಹಾಡನ್ನೂ ಮುಂದಿನ ಹಾಡನ್ನೂ ಒಳಗೇ ಬೆರೆಸಿ ಕೇಳಿ."

"ಹದಿಮೂರು ವರ್ಷದಲ್ಲಿ ಇದನ್ನ ಯಾರೂ ಹೇಳ್ಲಿಲ್ಲ."

"ಹದಿಮೂರು ವರ್ಷದಲ್ಲಿ ಯಾರೂ ಕೇಳ್ಲೂ ಇಲ್ಲ. ಬಂದೋರೆಲ್ಲ ಬೇಸ್ ಎಷ್ಟಿದೆ ಅಂತಾರೆ."

ಭಾನುವಾರ ಮೂರ್ನಾಡಿನಲ್ಲಿ ಮಿಲನ್ ತನ್ನ ಮೇಜನ್ನು ಸ್ಪೀಕರ್‌ಗಳಿಂದ ದೂರ ಎಳೆದ. ಎರಡೂ ಕಿವಿ ಮುಚ್ಚಿ, ಎಲ್ಲವನ್ನೂ ಸಣ್ಣಗೆ ಇಟ್ಟ. ಮೂರು ಹಾಡು ಕಳೆದವು, ವಾಲಗ ಬೇಕು ಎಂದು ಕೂಗು ಬಂತು. ಅವನು ಬಲಗಿವಿಯೊಂದನ್ನೇ ನಂಬಿ ಎರಡು ಪೆಟ್ಟನ್ನು ಜೋಡಿಸಿದ. ಸರಿಯಾಗಿ ಬಿತ್ತು. ಇನ್ನೂರು ಕೈ ಒಟ್ಟಿಗೆ ಮೇಲೆದ್ದವು. ಮೂಲೆಯಿಂದ ಸಣ್ಣಸ್ವಾಮಿ ತಲೆಯಾಡಿಸಿದ. ಕೆಲಸ ಉಳಿಯಿತು.

ಆಗ ಮದುಮಗನ ಮಾವ ಗ್ಲಾಸು ಹಿಡಿದು ಮೇಜಿನ ಹತ್ತಿರ ಬಂದ. "ಇದೆಂತ ಸಾವಿನ ವಾಲಗವಾ? ಸೌಂಡ್ ಕೊಡಪ್ಪ."

ಮಿಲನ್ ಬಲಗಡೆಯ ಬಟ್ಟಲನ್ನು ಸ್ವಲ್ಪ ಸರಿಸಿದ. "ಕಿವಿ ಸರಿ ಇಲ್ಲ ಅಣ್ಣ. ಇಷ್ಟರಲ್ಲೇ ಕುಣೀರಿ, ಚೆನ್ನಾಗಿದೆಯಲ್ಲ."

ಮಾವ ಗೆಳೆಯರತ್ತ ತಿರುಗಿದ. "ಕೇಳಿದ್ರಾ? ಕೆಪ್ಪನ್ನ ಡಿಜೆಗೆ ಕರ್ದಿದಾರೆ." ಅವರು ನಕ್ಕರು. ಮಾವ ಕೈ ಚಾಚಿ ಸದ್ದು ಏರಿಸುವ ಗುಂಡಿಯನ್ನು ತಾನೇ ತುದಿಯವರೆಗೆ ತಳ್ಳಿ, ಅದರ ಮೇಲೆ ಅಂಗೈ ಇಟ್ಟು ಅಲ್ಲೇ ಕುಣಿಯತೊಡಗಿದ. ಮಿಲನ್ ಸಣ್ಣಸ್ವಾಮಿಯ ಕಡೆ ನೋಡಿದ. ಸಣ್ಣಸ್ವಾಮಿ, ಇರಲಿ ಬಿಡು ಎಂದು ಕೈ ಮಾಡಿದ.

ಬಿಗಿ ಬಟ್ಟಲೂ ಅಷ್ಟು ಸದ್ದನ್ನು ತಡೆಯುವುದಿಲ್ಲ. ಮಿಲನ್ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ಬಲಗಿವಿಯ ಬಟ್ಟಲನ್ನು ಒತ್ತಿ ಹಿಡಿದ, ತಲೆ ಬಗ್ಗಿಸಿದ, ಕಣ್ಣು ಮುಚ್ಚಿದ. ಹಾಡಿನಲ್ಲಿ ಮುಳುಗಿಹೋಗಿದ್ದಾನೆ ಎಂದು ಜನ ಅವನತ್ತ ಕೈ ಬೀಸಿದರು. ಒಬ್ಬ ಹುಡುಗಿ ವಿಡಿಯೋ ಮಾಡಿಕೊಂಡಳು.

ಆ ಮಾವನ ಹೆಸರು ಬೇಕಾಗಿಲ್ಲ. ಅಂಥ ಮಂಟಪದಲ್ಲಿ ನಾವೆಲ್ಲ ಊಟ ಮಾಡಿ ಬಂದಿದ್ದೇವೆ. ಮುಂದಿನ ತಿಂಗಳು ನೀವು ಇನ್ನೊಂದು ಮದುವೆಗೆ ಹೋಗುತ್ತೀರಿ. ಊಟದ ಸಾಲಿಗೆ ನಿಲ್ಲುವ ಮೊದಲು ಡಿಜೆ ಮೇಜಿನ ಹತ್ತಿರ ಹೋಗಿ, ಅವನಿಗೆ ಯಾವ ಕಿವಿ ಉಳಿದಿದೆಯೋ ಆ ಕಡೆ ನಿಂತು, ಸದ್ದು ಇಳಿಸು ಎಂದು ಹೇಳಿ. ಅವನು ಇಳಿಸಿದ ಮೇಲೆ ಏರಿಸಲು ಇನ್ನೊಂದು ಕೈ ಬಂದರೆ, ಆ ಕೈಯನ್ನು ಹಿಡಿಯಿರಿ.