ಗುತ್ಯಮ್ಮನ ಭೂಮಣ್ಣಿ ಬುಟ್ಟಿ

ಜಲಜ ತನ್ನ ಅತ್ತೆಯನ್ನು ಮೊದಲು ಕಂಡದ್ದು ಸಾಗರದ ದೊಡ್ಡಮ್ಮನ ಮನೆಯಲ್ಲಿ. ಹೆಣ್ಣು ತೋರಿಸಲೆಂದು ಅವಳನ್ನು ತೀರ್ಥಹಳ್ಳಿಯ ಕಡೆಯಿಂದ ಅಲ್ಲಿಗೆ ಕರೆತಂದಿದ್ದರು. ಗಂಡಿನ ಕಡೆಯವರೆಲ್ಲ ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದಾಗ, ಗಂಡಿನ ತಾಯಿ ಗುತ್ಯಮ್ಮ ಒಬ್ಬರೇ ಒಳಗೆ ಬಂದು ಹುಡುಗಿಯ ಬೆರಳುಗಳನ್ನು ಹಿಡಿದು ನೋಡಿದರು.

“ಚಿತ್ತಾರ ಬರೆಯೋ ಪುಂಡಿ ನಾರಿನ ಕುಂಚ ಹಿಡ್ದು ಗೊತ್ತಾ?”

“ಗೊತ್ತು. ಗೆರೆ ಮಾತ್ರ ನೆಟ್ಟಗೆ ಬರಲ್ಲ.”

“ನನ್ನ ಮಗನೂ ನೆಟ್ಟಗೆ ಕೂರಲ್ಲ. ಇಬ್ರನ್ನೂ ಒಟ್ಟಿಗೇ ತಿದ್ದಿದ್ರಾಯ್ತು,” ಎಂದರು ಗುತ್ಯಮ್ಮ, ಹೊರಗಿದ್ದ ಮಗ ವಾಸಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ. ಜಗಲಿಯಲ್ಲಿ ನಗು ಎದ್ದಿತು. ಸಂಬಂಧ ಕುದುರಿತು.

ಶರಾವತಿಗೆ ಅಣೆಕಟ್ಟು ಬಂದು ಗುತ್ಯಮ್ಮನವರ ಊರು ಮುಳುಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವರ ಗಂಡ ಜಟ್ಟಪ್ಪ ಆ ಊರಿನ ಗದ್ದೆಯಲ್ಲೇ ದುಡಿದು, ನೀರು ಬರುವ ಮೊದಲೇ ತೀರಿಕೊಂಡಿದ್ದರು. ತಾಯಿ ಮಗ ಹೊಸನಗರ ಸೀಮೆಯ ಒಂದು ಕಾಡಂಚಿಗೆ ಬಂದು ಬಿಡಾರ ಹೂಡಿದರು. ವಾಸಪ್ಪ ಬುಡಗಳನ್ನು ಕಿತ್ತು, ಕಲ್ಲು ಹೊತ್ತು ನೆಲ ಹಸನು ಮಾಡಿದ. ಗುತ್ಯಮ್ಮ ಅವನ ಜೊತೆಯಲ್ಲಿ ಮೈಮುರಿದು ದುಡಿದರೂ ಆ ನೆಲವನ್ನು ಒಮ್ಮೆಯೂ “ನಮ್ಮ ಗದ್ದೆ” ಎನ್ನಲಿಲ್ಲ.

ಅದು ಜಲಜಳಿಗೆ ಚೆನ್ನಾಗಿ ತಿಳಿದದ್ದು ಭೂಮಿ ಹುಣ್ಣಿಮೆ ಹತ್ತಿರವಾದಾಗ. ಭತ್ತದ ಪೈರು ತೆನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಲ್ಲುವ ಕಾಲ ಅದು. ಬಸುರಿಗೆ ಬಯಕೆಯ ಊಟ ಬಡಿಸುವ ಹಾಗೆ ಭೂಮಿಗೂ ಬಡಿಸಬೇಕು. ಮನೆಯ ಹಿರಿಯಳು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಿಂದ ಅದರ ಮೇಲೆ ಚಿತ್ತಾರ ಬರೆಯಬೇಕು. ಅದೇ ಭೂಮಣ್ಣಿ ಬುಟ್ಟಿ. ಸೌತೆಕಾಯಿ ಕಡುಬು, ಬೆರಕೆ ಸೊಪ್ಪಿನ ಅಡುಗೆ ತುಂಬಿದ ಆ ಬುಟ್ಟಿ ಬೆಳಗಾಗುತ್ತಲೇ ಗದ್ದೆಗೆ ಹೋಗಬೇಕು. ಭೂಮಿ ಉಣ್ಣುವ ತನಕ ಮನೆಯವರು ಉಣ್ಣುವಂತಿಲ್ಲ.

ಗುತ್ಯಮ್ಮ ಪ್ರತಿ ವರ್ಷವೂ ಬುಟ್ಟಿಯನ್ನು ಬರೆಯುತ್ತಿದ್ದರು. ಆದರೆ ಅದನ್ನು ಹೊತ್ತು ಹಿನ್ನೀರಿನ ದಡಕ್ಕೆ ನಡೆದು, ಮುಳುಗಿದ ಗದ್ದೆಯ ದಿಕ್ಕಿಗೆ ಎಲ್ಲವನ್ನೂ ನೀರಿಗೆ ಬಿಟ್ಟು ಬರುತ್ತಿದ್ದರು.

“ನಿಮ್ಮತ್ತೆ ಸಾಕಿದ ಮೀನಿಗೆ ಹೊಟ್ಟೆ ಭಾರ ಆಗಿ ಈಜಕ್ಕೇ ಆಗ್ತಿಲ್ವಂತೆ,” ಎಂದು ನೆರೆಮನೆಯ ಮೂಕಮ್ಮ ಚುಚ್ಚುತ್ತಿದ್ದಳು. ಜಲಜಳಿಗೆ ನಗು ಬರಲಿಲ್ಲ. ಅವಳಿಗಾಗ ದಿನ ತುಂಬುತ್ತಾ ಬಂದಿತ್ತು.

ಹಬ್ಬದ ಹಿಂದಿನ ದಿನ ವಾಸಪ್ಪ ಬಾಯಿಬಿಟ್ಟ. “ಅವ್ವ, ಈ ಸಲ ಇಲ್ಲೂ ಪೈರು ಹೊಡೆ ತುಂಬಿದೆ. ಇಲ್ಲೇ ಬಡಿಸಾನ.”

“ನಿನ್ನ ಗದ್ದೆಗೆ ನೀನು ಬಡ್ಸು. ನಂದು ಅಲ್ಲಿದೆ.”

ಬರೆದ ಬುಟ್ಟಿ ಮನೆಯಲ್ಲಿ ಒಂದೇ. ವಾಸಪ್ಪ ಕತ್ತಿ ಎತ್ತಿಕೊಂಡು ಹೊರಗೆ ನಡೆದ. ಜಲಜ ಅಕ್ಕಿ ಹಿಟ್ಟು ಕಲಸುತ್ತಾ ಮೆಲ್ಲಗೆ ಕೇಳಿದಳು, “ಅತ್ತೆ, ನಾಳೆ ನನ್ನ ಮಗು ಯಾವ ಊರಿಂದು ಅಂತ ಹೇಳ್ಕೋಬೇಕು?”

ಗುತ್ಯಮ್ಮ ಎಳೆಯುತ್ತಿದ್ದ ಗೆರೆಯನ್ನು ಮುಗಿಸಿ ಕುಂಚ ತೊಳೆದಿಟ್ಟರು.

ಬೆಳಗಿನ ಜಾವ ಅವರು ಬುಟ್ಟಿ ಹೊತ್ತು ಹೊರಟಾಗ, ಬೇಡವೆಂದರೂ ಕೇಳದೆ ಜಲಜ ಹಿಂದೆಯೇ ನಡೆದಳು. ದಡದ ದಾರಿ ಹೊಸ ಗದ್ದೆಯ ಬದುವಿನ ಮೇಲೆಯೇ ಹಾದುಹೋಗುತ್ತಿತ್ತು. ಅರ್ಧ ಬದು ದಾಟುವಷ್ಟರಲ್ಲಿ ಜಲಜ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದು ಕುಳಿತಳು.

“ಎಂಥಾ ಹಟವೇ ನಿಂದು! ಮನೇಲಿ ಬಿದ್ದಿರು ಅಂದ್ನಲ್ಲೇ!” ಗುತ್ಯಮ್ಮ ಬುಟ್ಟಿ ಇಳಿಸಿದರು. ಸುತ್ತ ನೋಡಿದರು. ಭೂಮಿ ಇನ್ನೂ ಉಂಡಿರಲಿಲ್ಲ. ಆದರೂ ಬುಟ್ಟಿಯಿಂದ ಒಂದು ಕಡುಬು ಮುರಿದು ಸೊಸೆಯ ಬಾಯಿಗಿಟ್ಟರು.

“ಅತ್ತೆ, ಇದು ಭೂಮಿತಾಯಿದು...”

“ತಿನ್ನು ಸುಮ್ನೆ. ಹೊಟ್ಟೆಲಿ ಹೊತ್ತೋಳನ್ನ ಹಸಿವಲ್ಲಿ ಕೂರಿಸ್ಬಾರ್ದು.”

ಹೇಳಿದವರು ಹಾಗೇ ನಿಂತುಬಿಟ್ಟರು. ಮೊಣಕಾಲಿಗೆ ಪೈರು ತಾಗುತ್ತಿತ್ತು. ಬಗ್ಗಿ ಉಬ್ಬಿದ ಒಂದು ಹೊಡೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಒಳಗೆ ಎಳೆಯ ತೆನೆ ಮೆತ್ತಗಿತ್ತು. ತಮಗೇ ಎಂಬಂತೆ, “ಇದನ್ನೂ ಹಸಿವಲ್ಲಿ ಕೂರಿಸಿದ್ನಲ್ಲ,” ಎಂದರು.

ಆಮೇಲೆ ಮನೆಯ ಕಡೆ ತಿರುಗಿ ವಾಸಪ್ಪನನ್ನು ಕೂಗಿದರು. ಅವನು ಓಡಿ ಬಂದ. ತಾಯಿ ಹಿಡಿ ಹಿಡಿಯಾಗಿ ತೆಗೆದುಕೊಟ್ಟದ್ದನ್ನು ಗದ್ದೆಯ ಮೂಲೆ ಮೂಲೆಗೂ ಬೀರಿದ. ಒಂದು ಹಿಡಿಯನ್ನು ಮಾತ್ರ ಗುತ್ಯಮ್ಮ ಬಾಳೆ ಎಲೆಯಲ್ಲಿ ಕಟ್ಟಿ ಸೆರಗಿನೊಳಗಿಟ್ಟುಕೊಂಡರು. “ಅವ್ರಿಗೆ,” ಎಂದರು. ಜಟ್ಟಪ್ಪ ದುಡಿದ ಗದ್ದೆ ಮುಳುಗಿದ್ದ ಹಿನ್ನೀರಿನ ಕಡೆಗೆ ಹೆಜ್ಜೆ ಹಾಕಿದರು.

ಆ ತಿಂಗಳೇ ಹುಟ್ಟಿದ ಮೊಮ್ಮಗಳು ಯಮುನ ಅಜ್ಜಿಯ ಮಡಿಲಲ್ಲೇ ಬೆಳೆದಳು. ಬುಟ್ಟಿ ಬರೆದು ಮಿಕ್ಕ ಬಿಳಿಯಲ್ಲಿ ಗುತ್ಯಮ್ಮ ಅವಳ ಪಾದದ ಮೇಲೆ ಪೈರು ಬರೆಯುತ್ತಿದ್ದರು. ಒಣಗುವ ತನಕ ಆ ಮಗು ಅಲುಗಾಡದೆ ಕೂರುತ್ತಿತ್ತು. ಗುತ್ಯಮ್ಮ ಕಣ್ಣು ಮುಚ್ಚಿದ್ದು ಯಮುನಳ ಮದುವೆಯನ್ನು ಕಂಡ ಮೇಲೆ. ಅವರನ್ನು ಸುಟ್ಟದ್ದು ಈ ಗದ್ದೆಯ ತಲೆಯಲ್ಲೇ. ಅಲ್ಲೇ ಆಗಬೇಕೆಂದು ಅವರೇ ಹೇಳಿದ್ದರು.

ಈಗ ಜಲಜಮ್ಮನವರಿಗೂ ಮೊಮ್ಮಕ್ಕಳಿದ್ದಾರೆ. ನವರಾತ್ರಿ ಕಳೆದರೆ ಪುಂಡಿ ನಾರು ಜಜ್ಜಿ, ಕುಂಚ ಕಟ್ಟಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಗೆರೆ ಇವತ್ತಿಗೂ ನೆಟ್ಟಗೆ ಬರುವುದಿಲ್ಲ. ಹುಣ್ಣಿಮೆಯ ಬೆಳಗ್ಗೆ ಗದ್ದೆಗೆ ಬಡಿಸಿಯಾದ ಮೇಲೆ, ಒಂದು ಹಿಡಿಯನ್ನು ಎಲೆಯಲ್ಲಿ ಕಟ್ಟಿಕೊಂಡು ಹಿನ್ನೀರಿನ ಕಡೆಗೆ ನಿಧಾನವಾಗಿ ನಡೆಯುತ್ತಾರೆ.