ಕೊನೆಯ ಮೂರು ದಿನ

ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಆಟೋ ಮೈಕಿನಲ್ಲಿ ಕೂಗುತ್ತಾ ಹೋಯಿತು: ‘ಇವತ್ತೇ ಕೊನೆ, ಬೇಗ ಬನ್ನಿ!’ ರೆಕಾರ್ಡ್ ಮಾಡಿದ ದನಿ, ಅದಕ್ಕೆ ಉಸಿರು ತೆಗೆದುಕೊಳ್ಳುವ ಅಗತ್ಯವೂ ಇಲ್ಲ. ನನಗೆ ಭದ್ರಾವತಿಯ ರುದ್ರಣ್ಣ ನೆನಪಾದ.

ಓಲ್ಡ್ ಟೌನಿನಲ್ಲಿ ಮೈಕು ಹಿಡಿದು ಕೂಗಲು ಅವನೊಬ್ಬನೇ ಇದ್ದ. ಸ್ವಂತ ಆಟೋ, ಸ್ವಂತ ಮೈಕು, ಸ್ವಂತ ಗಂಟಲು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಅವನು ಹೇಳಿದರೆ, ಆಟೋ ತಿರುವು ದಾಟುವ ಮೊದಲೇ ಹೆಂಗಸರು ಕೊಡ ತೊಳೆಯುತ್ತಿದ್ದರು. ಜಾಹೀರಾತು ಎಂದರೆ ಗೊತ್ತಿಲ್ಲದವರಿಗೆ ಗೊತ್ತು ಮಾಡುವುದು, ಅಷ್ಟೇ ಎಂದುಕೊಂಡಿದ್ದೆ.

ಇದರ ಮಧ್ಯೆ ನಾನು ಬಂದೆ. ಮೂವತ್ತೆರಡನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಅಕ್ಷರದ ಜಂಬ ಎಷ್ಟಿರುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಮಾಚೇನಹಳ್ಳಿಯ ವರ್ಕ್‌ಶಾಪಿನಿಂದ ಬಂದು, ಸಂಜೆ ರುದ್ರಣ್ಣ ಕೂಗಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದೆ. ಒಂದು ದಿನ ಸೀರೆ ಅಂಗಡಿಯ ಸಾಹುಕಾರರು ಕರೆಸಿದರು.

‘ಕಡಿಮೆ ರೇಟು ಅಂದ್ರೆ ಜನ ಬರಲ್ಲ ಕಣಯ್ಯ. ಮುಗಿದೋಗುತ್ತೆ ಅಂದ್ರೆ ಓಡಿ ಬರ್ತಾರೆ. ಹಂಗೇ ಬರಿ.’

‘ತಾಯಂದಿರೇ, ಕೊನೆಯ ಮೂರು ದಿನ!’ ಎಂದು ಬರೆದೆ. ಆ ‘ತಾಯಂದಿರೇ’ ನನ್ನದೇ. ಅದರ ಮೇಲೆ ಇವತ್ತಿಗೂ ಸ್ವಲ್ಪ ಹೆಮ್ಮೆ ಉಳಿದಿದೆ.

ವ್ಯಾಪಾರ ಕುದುರಿತು. ಕುದುರಿದ್ದನ್ನು ಯಾರು ನಿಲ್ಲಿಸುತ್ತಾರೆ? ಯುಗಾದಿಗೆ ಶುರುವಾದ ಕೊನೆಯ ಮೂರು ದಿನ ಗೌರಿ ಹಬ್ಬ ಕಳೆದರೂ ಮುಗಿಯಲಿಲ್ಲ. ರುದ್ರಣ್ಣ ಕೂಗಿದ, ನಾನು ಮೀಸೆ ತಿರುವಿದೆ.

ಆಮೇಲೆ ಒಮ್ಮೆ ನೀರಿನ ಪೈಪು ಒಡೆಯಿತು. ನಾಳೆಯಿಂದ ನೀರಿಲ್ಲ ಎಂದು ರುದ್ರಣ್ಣ ಗಂಟಲು ಹರಿದುಕೊಂಡರೂ ಯಾರೂ ಕೊಡ ಎತ್ತಲಿಲ್ಲ. ಒಬ್ಬ ಅಜ್ಜಿಯಂತೂ ಹೊಸಿಲ ಮೇಲೆ ಕೂತೇ, ‘ಹೋಗೋ ಮಾರಾಯ, ಆ ಸೀರೆನೇ ಇನ್ನೂ ಮುಗೀಲಿಲ್ಲ, ನೀರು ಎಲ್ಲಿ ಮುಗಿಯುತ್ತೆ!’ ಎಂದರು.

ಮರುದಿನ ಬೀದಿಗೆ ಬೀದಿಯೇ ಖಾಲಿ ಕೊಡ ಹಿಡಿದು ನಿಂತಿತ್ತು. ರುದ್ರಣ್ಣನ ಮನೆಗೆ ಹೋದರೆ ಅಲ್ಲಿಯೂ ಹಂಡೆ ಒಣಗಿತ್ತು.

‘ಮನೆಗೆ ಬಂದ್ಮೇಲೂ ಹೇಳಿದ್ನಲ್ಲೇ, ಹಿಡಿದಿಡು ಅಂತ!’ ಎಂದು ಅವನು ಹೆಂಡತಿಯ ಮೇಲೆ ರೇಗುತ್ತಿದ್ದ.

‘ಹೇಳಿದ್ರಿ. ಅದೇ ದನೀಲಿ ಹೇಳಿದ್ರಿ’ ಎಂದರು ಲಲಿತಕ್ಕ.

ರುದ್ರಣ್ಣ ನನ್ನ ಚೀಟಿ ತೆಗೆದುಕೊಂಡು ನೇರ ಸೀರೆ ಅಂಗಡಿಗೆ ಹೋದ. ನಾನೂ ಹಿಂದೆ ಹೋದೆ.

‘ಯಾವತ್ತು ಕೊನೆ ಅಂತ ತಾರೀಕು ಹಾಕ್ಕೊಡಿ ಸಾಹುಕಾರ್ರೆ. ಅವತ್ತು ನಿಲ್ಲಿಸ್ತೀರಿ ಅಂದ್ರೆ ಕೂಗ್ತೀನಿ.’

‘ನಿಲ್ಲಿಸಿದ್ರೆ ನನಗೇನಪ್ಪ ಲಾಭ?’

ಸಾಹುಕಾರರಿಗೆ ಬೇರೆ ಆಟೋ ಸಿಕ್ಕಿತು. ಅಂಗಡಿಯೂ ಎರಡು ಮಹಡಿಯಾಯಿತು. ರುದ್ರಣ್ಣ ಮಾತ್ರ ನೀರಿನ ಸುದ್ದಿ ಬಂದಾಗಲೆಲ್ಲ ಮೈಕು ಬಿಟ್ಟು, ಮನೆ ಮನೆ ಬಾಗಿಲಿಗೆ ಹೋಗಿ ಹೇಳಿದ. ಹೆಂಗಸರು ಮತ್ತೆ ಅವನ ಮಾತಿಗೆ ಕೊಡ ಎತ್ತಲು ಎರಡು ಬೇಸಿಗೆ ಹಿಡಿಯಿತು.

ಈಗ ಶಿವಮೊಗ್ಗದಲ್ಲಿ ನನ್ನದೇ ಒಂದು ಟೈಪಿಂಗ್ ಅಂಗಡಿ ಶುರುವಾಗುತ್ತಿದೆ. ‘ಐದೇ ನಿಮಿಷದಲ್ಲಿ ಅಂತ ಬೋರ್ಡ್ ಹಾಕ್ಸಪ್ಪ’ ಎಂದಿದ್ದಳು ಮಗಳು. ನಾನೋ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತುವವನು. ಇವತ್ತು ಬೆಳಿಗ್ಗೆ ಆ ಆಟೋ ದೂರ ಹೋದ ಮೇಲೆ ಬೋರ್ಡಿನವನಿಗೆ ಬರೆದುಕೊಟ್ಟೆ: ‘ಇಲ್ಲಿ ಕನ್ನಡ ಟೈಪ್ ಮಾಡಿಕೊಡಲಾಗುತ್ತದೆ. ತಡವಾಗುತ್ತದೆ. ಕೂರಲು ಬೆಂಚಿದೆ.’

‘ಇದನ್ನ ನೋಡಿ ಯಾರಪ್ಪ ಬರ್ತಾರೆ?’ ಎಂದಳು ಮಗಳು.

ಗೊತ್ತಿಲ್ಲ. ಬಂದವರು ಕಾಯುತ್ತಾರೆ.